ಸೂರಿಲ್ಲದ ಕೊಟ್ಟಿಗೆಯ ಹೆರಳೆ

ಕಲ್ಲುಗುಟ್ಟಹಳ್ಳಿ
ಬಿಳಿತಿಂಗಳ ಎಪ್ಪತ್ತೊಂದನೇ ದಿನ, ೨೨೧೪

ಹಿಂದಿನ ಕಾಲದಲ್ಲಿ ಬದುಕಿರುವ ಎಲ್ಲರಿಗೂ ಚೌಡಪ್ಪನ ನಮಸ್ಕಾರ.

ಈ ಕತೆಯನ್ನು ಮೊದಲು ಹೇಳಿದವಳು ನಮ್ಮಜ್ಜಿ ಮುನಿತಾಯಮ್ಮ. ಹೇಳಿದ್ದು ೨೧೭೧ನೇ ಇಸವಿ, ಬಿಳಿತಿಂಗಳು ಕಳೆದ ಮೊದಲನೇ ಸೋಮವಾರ, ಪಕ್ಕದ ಮನೆ ಪಿಳ್ಳಮ್ಮನ ಹೊಸ್ತಿಲ ಮೇಲೆ ಕೂತು. ಅವತ್ತು ಕೇಳಿದವರಲ್ಲಿ ಈಗ ಊರಲ್ಲಿ ಉಳಿದಿರುವವನು ನಾನೊಬ್ಬನೇ. ಮೊನ್ನೆ ಅದನ್ನೇ ಊರಿನ ಜನಕ್ಕೆ ಮತ್ತೆ ಹೇಳಬೇಕಾಗಿ ಬಂತು. ಆಮೇಲೆ ನಡೆದದ್ದನ್ನು ನೋಡಿ, ನಿಮಗೂ ಬರೆಯೋಣ ಅನ್ನಿಸಿತು. ಕಾಗದ ಹಿಂದಕ್ಕೆ ಹೇಗೆ ಬರುತ್ತದೆ ಅಂತ ನನ್ನನ್ನು ಕೇಳಬೇಡಿ. ನಮ್ಮೂರ ಮೇಷ್ಟ್ರು ದಾರಿ ಇದೆ ಅಂದರು, ನಾನು ನಂಬಿದೆ.

ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬರುತ್ತವೆ, ಅದಕ್ಕೆ ಕ್ಷಮೆ ಇರಲಿ. ಬಿಳಿತಿಂಗಳು ಅಂದರೆ ಹೆಪ್ಪು ಬೀಳುವ ಕಾಲ. ನಂದಿಬೆಟ್ಟದ ಸೀಮೆಯಲ್ಲಿ ನೀವು ಚಳಿಗಾಲ ಅಂತ ಸ್ವೆಟರ್ ಹಾಕಿಕೊಂಡು ಓಡಾಡುತ್ತೀರಲ್ಲ, ಆ ಚಳಿ ಅಲ್ಲ ಇದು. ನಮ್ಮ ಕಾಲಕ್ಕೆ ಗಾಳಿಯ ದಿಕ್ಕು ಬದಲಾಗಿದೆ. ಬಿಂದಿಗೆಯ ನೀರು ಬೆಳಗ್ಗೆ ಕಲ್ಲಾಗಿರುತ್ತದೆ, ರಾಗಿ ಹೊಲ ಸುಣ್ಣ ಬಳಿದ ಹಾಗೆ ಕಾಣುತ್ತದೆ. ಮೊದಲ ಹೆಪ್ಪು ಬಿದ್ದ ದಿನದಿಂದ ಕೊನೆಯ ಹೆಪ್ಪು ಕರಗುವ ತನಕ ಒಂದೇ ತಿಂಗಳು ಅಂತ ಎಣಿಸುತ್ತೇವೆ. ಅದಕ್ಕೇ ಎಪ್ಪತ್ತೊಂದನೇ ದಿನ. ಒಂದು ವರ್ಷ ತೊಂಬತ್ತೆಂಟಕ್ಕೂ ಹೋಗಿತ್ತು.

ಇನ್ನೊಂದು, ಮಹಾಮಳಿಗೆ. ಒಂದೇ ಸೂರಿನಡಿ ಒಂದು ಹಳ್ಳಿಯಷ್ಟು ಅಗಲದ ಅಂಗಡಿ. ಅಕ್ಕಿ, ಹಾಸಿಗೆ, ಸೂರಿನ ತಗಡು, ಹಲ್ಲಿನ ಪುಡಿ ಎಲ್ಲಾ ಅಲ್ಲೇ. ಹಿಂಭಾಗದಲ್ಲಿ ಗಿಡದ ಅಂಗಡಿ. ಅಲ್ಲಿ ಬದುಕುಪಟ್ಟಿ ಅಂತ ಒಂದು ಬೋರ್ಡು. ಯಾವ ಹೋಬಳಿಯಲ್ಲಿ ಯಾವ ಗಿಡ ಬದುಕುತ್ತದೆ ಅಂತ ಕಂಪನಿಯವರು ಎಲ್ಲೋ ಕೂತು ಬರೆದ ಪಟ್ಟಿ. ಪಟ್ಟಿಯಲ್ಲಿಲ್ಲದ ಗಿಡವನ್ನು ಬಯಲಲ್ಲಿ ನೆಡಲು ಮಾರುವುದಿಲ್ಲ. ಕಾರಣವನ್ನು ಬೋರ್ಡಿನ ಕೆಳಗೆ ತುಂಬಾ ಪ್ರೀತಿಯಿಂದ ಬರೆದಿರುತ್ತಾರೆ: ‘ನಿಮಗೆ ನಿರಾಸೆಯಾಗಬಾರದೆಂದು.’ ನಮ್ಮ ಹೋಬಳಿಯ ಪಟ್ಟಿಯಲ್ಲಿ ಸೇಬು, ಮರಸೇಬು, ಪ್ಲಮ್ ಇವೆ. ಕಿತ್ತಳೆ ಇಲ್ಲ, ನಿಂಬೆ ಇಲ್ಲ, ಹೆರಳೆ ಇಲ್ಲ. ಈಚಲು, ತಾಳೆ, ತೆಂಗು ಯಾವುದೂ ಇಲ್ಲ.

ಇನ್ನು ಕತೆ.

ಪಿಳ್ಳಮ್ಮನ ಮಗಳು ಸುನಂದಿ ಬಸುರಿಯಾದಾಗ ಅವಳಿಗೆ ಹೆರಳೆಕಾಯಿ ಮೇಲೆ ಬಯಕೆಯಾಯಿತು. ಹೆರಳೆಕಾಯಿ ಚಿತ್ರಾನ್ನ ಅಂತ ಯಾರೋ ಮುದುಕಿ ಹೇಳಿದ್ದು ಕಿವಿಗೆ ಬಿದ್ದಿತ್ತಷ್ಟೆ, ಹುಡುಗಿ ಆ ಕಾಯಿಯನ್ನು ಕಂಡವಳೇ ಅಲ್ಲ. ಪಿಳ್ಳಮ್ಮ ಮಹಾಮಳಿಗೆಗೆ ಹೋಗಿ ಕೇಳಿದಳು. ಅವರು ಹುಳಿಪುಡಿಯ ಪೊಟ್ಟಣ ಕೊಟ್ಟು ಕಳಿಸಿದರು. ಸುನಂದಿ ಅದನ್ನು ನಾಲಿಗೆಗೆ ಹಚ್ಚಿ, “ಅವ್ವಾ, ಇದು ಪಾತ್ರೆ ತಿಕ್ಕೋದು” ಅಂದಳು. ಬಸುರಿಯ ಬಯಕೆ ತೀರಿಸಲಾಗದ ತಾಯಿ ಅಂತ ಪಿಳ್ಳಮ್ಮನಿಗೆ ಚುಚ್ಚಿಬಿಟ್ಟಿತು. “ನಿನಗೆ ತಿನ್ನಿಸಕ್ಕೆ ಆಗ್ಲಿಲ್ಲ. ನಿನ್ನ ಹೊಟ್ಟೇಲಿರೋದಕ್ಕೆ ನಮ್ಮ ಮರದ ಕಾಯಿ ತಿನ್ನಿಸದೆ ನಾನು ಸಾಯಲ್ಲ” ಅಂದಳು.

ಮತ್ತೆ ಮಳಿಗೆಗೆ ಹೋದಳು. ಹಣ್ಣಿನ ಗಿಡಗಳ ಸಾಲನ್ನು ಮೂರು ಸಲ ಸುತ್ತಿದಳು, ಏನೂ ಸಿಗಲಿಲ್ಲ. ಸುಸ್ತಾಗಿ ಒಳಗೆ, ಪರದೆ ಬಟ್ಟೆ ಮಾರುವ ಕಡೆ ಹೋಗಿ ಕೂತಳು. ಅಲ್ಲಿ ಹಾಸಿಗೆಯ ಪಕ್ಕ ಶೋಕಿಗೆ ಒಂದು ಗಿಡ ನಿಲ್ಲಿಸಿದ್ದರು. ಬೀಸಣಿಗೆಯಂಥ ಗರಿ. ಬೊಡ್ಡೆಗೆಲ್ಲ ನಾರು ಸುತ್ತಿಕೊಂಡು, ಕಂಬಳಿ ಹೊದ್ದ ಕುರಿಗಾಹಿಯ ಹಾಗೆ ನಿಂತಿತ್ತು. ಉತ್ತರದ ಬೆಟ್ಟಗಳ ತಾಳೆ ಅದು. ನಮ್ಮ ಊರಲ್ಲಿ ಈಗಲೂ ಕಂಬಳಿತಾಳೆ ಅನ್ನುತ್ತೇವೆ. ಪಿಳ್ಳಮ್ಮ ಅದರ ಹಿಂದೆ ಇಣುಕಿದಳು. ನೆಲದ ಮೇಲೆ ಮೊಣಕಾಲೆತ್ತರದ ಕುಂಡಗಳು, ‘ಪರಿಮಳದ ಮನೆಗಿಡ’ ಅಂತ ಚೀಟಿ. ಒಂದೆಲೆ ಕಿತ್ತು, ತಿಕ್ಕಿ, ಮೂಗಿಗೆ ಹಿಡಿದಳು. ಆಮೇಲೆ ಅವಳು ಹಾಕಿದ ಕೂಗಿಗೆ ದಿಂಬು ಕೊಳ್ಳಲು ಬಂದವರೆಲ್ಲ ತಿರುಗಿ ನೋಡಿದರಂತೆ.

ಗಿಡದ ವಿಭಾಗದ ತೇಜಮೂರ್ತಿ ಓಡಿ ಬಂದ. “ಯಾಕಮ್ಮಾ, ಏನಾಯ್ತು?”

“ಇದು ಹೆರಳೆ ಕಣಪ್ಪಾ! ಇಲ್ಲ ಅಂದ್ಯಲ್ಲ ನನಗೆ!”

“ಹೆರಳೆ ಇಲ್ಲ. ಇದು ಮನೆಗಿಡ.”

“ಹೆಸರು ಬದಲಾಯಿಸಿದ್ರೆ ವಾಸನೆ ಬದಲಾಗ್ತೈತಾ?”

ಅವನು ಒಂದು ಗಾಜಿನ ಹಲಗೆ ಮುಂದೆ ಹಿಡಿದ. ‘ಈ ಗಿಡವನ್ನು ಮನೆಯೊಳಗೇ ಇಡುತ್ತೇನೆ. ತಪ್ಪಿದರೆ ಕಂಪನಿಯವರು ಬಂದು ಕೊಂಡೊಯ್ಯಬಹುದು’ ಅಂತ ಅದರ ಮೇಲೆ ಬರೆದಿತ್ತು. ಪಿಳ್ಳಮ್ಮ ಹೆಬ್ಬೆಟ್ಟು ಒತ್ತಿದಳು. ಹೆರಳೆಯನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದು ಹಿತ್ತಲಲ್ಲಿ ನೆಟ್ಟಳು. ಮಾತು ತಪ್ಪಿದಳು, ಹೌದು. ಅಜ್ಜಿ ಅದನ್ನು ಯಾವತ್ತೂ ಮುಚ್ಚಿ ಹೇಳಲಿಲ್ಲ.

ಬಿಳಿತಿಂಗಳು ಬಂತು, ಗಿಡ ಸುಟ್ಟ ಹಾಗೆ ಕಪ್ಪಾಯಿತು. ಹೆಪ್ಪು ಕರಗಿದ ಮೇಲೆ ಬುಡದಿಂದ ಹಸಿರು ಚಿಗುರು ಎದ್ದಿತು. ಪಿಳ್ಳಮ್ಮ ಕೇರಿಗೆಲ್ಲ ಬೆಲ್ಲ ಹಂಚಿದಳು. ಒಣಗಿದ ತಲೆ ಕತ್ತರಿಸಿ, ಚಿಗುರಿಗೆ ಅರಿಸಿನ ಕುಂಕುಮ ಇಟ್ಟಳು. ನಮ್ಮಜ್ಜಿ ಮುನಿತಾಯಮ್ಮ ಬಂದು ಬಗ್ಗಿ ನೋಡಿದಳು. ಒಂದೊಂದು ತೊಟ್ಟಿಗೆ ಮೂರು ಮೂರು ಎಲೆ, ಬೆರಳುದ್ದ ಮುಳ್ಳು.

“ಪಿಳ್ಳೀ, ಇದು ನೀನು ತಂದೋಳಲ್ಲ ಕಣೆ. ಬುಡದಾಗೆ ಬೇರೆ ಯಾವಳೋ ಕೂತವಳೆ.”

ಇಬ್ಬರೂ ಮಣ್ಣು ಕೆದಕಿ ನೋಡಿದರು. ಹೆರಳೆಯನ್ನು ಮೂರೆಲೆಯ ಕಾಡುಜಾತಿಯ ಬೇರಿನ ಮೇಲೆ ಕಸಿ ಕಟ್ಟಿದ್ದರು. ಗಂಟಿನ ಮೇಲಿನದು ಸತ್ತಿತ್ತು, ಕೆಳಗಿನದು ಬದುಕಿತ್ತು. ಪಿಳ್ಳಮ್ಮ ಪೂಜೆ ಮಾಡಿದ್ದು ಆ ಮುಳ್ಳಿನವಳಿಗೆ. ಊರು ವಾರಗಟ್ಟಲೆ ನಕ್ಕಿತು. “ಏನಕ್ಕಾ, ನಿಮ್ಮ ಸವತಿ ಹೆಂಗವಳೆ?” ಅಂತ ಕೇಳದವರಿಲ್ಲ. ಅಷ್ಟರಲ್ಲಿ ತೇಜಮೂರ್ತಿ ಬಂದು ಗಿಡ ಕಿತ್ತು ಗಾಡಿಗೆ ಹಾಕಿದ. ಪಟ್ಟಿಯಲ್ಲಿ ‘ಹೆರಳೆ ಈ ಹೋಬಳಿಯಲ್ಲಿ ಬದುಕುವುದಿಲ್ಲ’ ಅಂತ ಬರೆದುಕೊಂಡ.

“ನಿಮಗೆ ನಿರಾಸೆಯಾಯ್ತಲ್ಲಮ್ಮ. ಅದಕ್ಕೇ ನಾವು ಬೇಡ ಅನ್ನೋದು.”

ಪಿಳ್ಳಮ್ಮ ಅಂದಳಂತೆ, “ಅಪ್ಪಾ, ಮೂರು ಮಕ್ಕಳು ಹೆತ್ತು ಒಂದನ್ನ ಉಳಿಸಿಕೊಂಡೋಳು ನಾನು. ನನ್ನ ನಿರಾಸೆ ನನ್ನದು. ಅದನ್ನ ನಿನ್ನ ಅಂಗಡೀಲಿ ಇಟ್ಕೊಬೇಡ, ನನಗೆ ಕೊಟ್ಟು ಹೋಗು.”

ಮಾರನೇ ವಾರ ಮತ್ತೆ ಹೋಗಿ, ಮತ್ತೆ ಹೆಬ್ಬೆಟ್ಟೊತ್ತಿ, ಒಂದು ಹೆರಳೆ, ಒಂದು ಕಂಬಳಿತಾಳೆ ತಂದಳು. ಈ ಸಲ ಕೊಟ್ಟ ಮಾತಿನಂತೆ ಮನೆಯೊಳಗೇ ನೆಟ್ಟಳು, ಕೊಟ್ಟಿಗೆಯಲ್ಲಿ. ನಿಮ್ಮ ಪೇಟೆಗಳಲ್ಲಿ ಹೇಗೋ ಗೊತ್ತಿಲ್ಲ, ನಮ್ಮ ಸೀಮೆಯ ಮನೆಗಳಲ್ಲಿ ದನ ಹೋಗುವುದೂ ಜನ ಹೋಗುವುದೂ ಒಂದೇ ಬಾಗಿಲು. ಒಳಗೆ ಬಂದರೆ ಎಡಕ್ಕೆ ಕೊಟ್ಟಿಗೆ, ಬಲಕ್ಕೆ ಪಡಸಾಲೆ. ಪಿಳ್ಳಮ್ಮ ಕೊಟ್ಟಿಗೆಯ ಅರ್ಧವನ್ನು ಕೆಂದಿ ಹಸುವಿಗೆ ಬಿಟ್ಟು, ಉಳಿದರ್ಧದ ತಗಡನ್ನು ತಾನೇ ಏಣಿ ಹತ್ತಿ ಬಿಚ್ಚಿದಳು. ಮಧ್ಯಾಹ್ನದ ಬಿಸಿಲೆಲ್ಲ ಆ ಕಲ್ಲುಗೋಡೆಯ ಮೇಲೆ ಬೀಳುತ್ತಿತ್ತು. ಮುಟ್ಟಿ ನೋಡಿದರೆ ದೀಪ ಹಚ್ಚುವ ಹೊತ್ತಿಗೂ ಗೋಡೆ ಬೆಚ್ಚಗಿರುತ್ತಿತ್ತು. ಗಾಳಿ ಬರುವ ಕಡೆ ತಾಳೆ, ಗೋಡೆಯ ಮಗ್ಗುಲಿಗೆ ಹೆರಳೆ. ಕಸಿಯ ಗಂಟು ಕಾಣದ ಹಾಗೆ ಒಂದು ಗೇಣು ಮಣ್ಣು ಏರಿಸಿ, ಅದರ ಮೇಲೆ ಹಸಿ ಸಗಣಿ ಗೊಬ್ಬರ ಕೊಟ್ಟಳು. ಮುಳ್ಳಿನವಳು ತಲೆಯೆತ್ತಿದಾಗಲೆಲ್ಲ ಉಗುರಲ್ಲೇ ಚಿವುಟಿದಳು. ಹಸು ರಾತ್ರಿಯೆಲ್ಲ ಉಸಿರು ಬಿಡುತ್ತಾ ಪಕ್ಕದಲ್ಲಿ ಮಲಗುತ್ತಿತ್ತು.

ಬಿಳಿತಿಂಗಳ ನಡುವೆ ತೇಜಮೂರ್ತಿ ಪರೀಕ್ಷೆಗೆ ಬಂದ. ತಲೆಯೆತ್ತಿ ನೋಡಿದರೆ ಆಕಾಶ.

“ಇದೇನಮ್ಮಾ, ಬಯಲಲ್ಲಿಟ್ಟಿದ್ದೀಯ!”

“ಬಯಲೆಲ್ಲೈತಪ್ಪಾ? ಮನೆಯೊಳಗೈತೆ.”

“ಸೂರೆಲ್ಲಿ?”

“ಸೂರು ಇಡ್ತೀನಿ ಅಂತ ನಾನ್ಯಾವಾಗ ಹೆಬ್ಬೆಟ್ಟೊತ್ತಿದೆ?”

“ಇದು ಕೊಟ್ಟಿಗೆ ಕಣಮ್ಮಾ.”

“ನೀನು ಯಾವ ಬಾಗಿಲಿಂದ ಬಂದೆ ಹೇಳು. ಅದೇ ಬಾಗಿಲಲ್ಲಿ ನಾನು ಸೇರಕ್ಕಿ ಒದ್ದು ಬಂದೋಳು. ಅದೇ ಬಾಗಿಲಲ್ಲಿ ಕೆಂದಿನೂ ಬಂದವಳೆ. ನಿನ್ನ ಕಾಗದದಾಗೆ ಮನೆ ಅಂದ್ರೆ ಏನು ಅಂತ ಬರ್ದಿದ್ರೆ ಓದು, ಕೇಳ್ತೀನಿ.”

ತೇಜಮೂರ್ತಿ ನಿಂತಲ್ಲೇ ಹಲಗೆಯನ್ನು ಮೇಲಿಂದ ಕೆಳಗೆ ಓದಿದ. ಮನೆ ಅಂದರೆ ಏನು ಅಂತ ಬರೆದಿರಲಿಲ್ಲ. ಮೇಲಿನವರನ್ನು ಕೇಳಿ ಬರುತ್ತೇನೆ ಅಂತ ಹೋದ. ಇವತ್ತಿಗೂ ಉತ್ತರ ಬಂದಿಲ್ಲ.

ಆ ಬಿಳಿತಿಂಗಳು ಎಲೆಗಳೆಲ್ಲ ಉದುರಿದವು, ಕೊಂಬೆ ಉಳಿಯಿತು. ಮರುವರ್ಷ ಅರ್ಧ ಎಲೆ ಉಳಿಯಿತು. ಮೂರನೇ ವರ್ಷ ಹೆಪ್ಪಿನಲ್ಲೂ ಗಿಡ ಹಸಿರಾಗಿ ನಿಂತಿತು. ೨೧೭೧ರಲ್ಲಿ ಮೊದಲ ಕಾಯಿ ಹಣ್ಣಾಯಿತು. ಹೊಟ್ಟೆಯಲ್ಲಿದ್ದ ಮಗು ಆಗ ಏಳು ದಾಟಿದ ಹುಡುಗಿ. ಅವಳು ಒಂದು ತೊಳೆ ಬಾಯಿಗಿಟ್ಟು, ಕಣ್ಣು ಮುಚ್ಚಿ, ಮುಖ ಹಿಂಡಿ, “ಇನ್ನೊಂದು” ಅಂದಳು. ಅಜ್ಜಿ ಹೊಸ್ತಿಲ ಮೇಲೆ ಕೂತು ಕತೆ ಹೇಳಿದ್ದು ಆಗಲೇ. ಮುಂದಿನ ಹತ್ತು ವರ್ಷದಲ್ಲಿ ನಮ್ಮೂರಲ್ಲಿ ಇಪ್ಪತ್ತಾರು ಕೊಟ್ಟಿಗೆಗಳ ತಗಡು ಇಳಿಯಿತು. ನಮ್ಮ ಹೆಂಗಸರು ಮಳಿಗೆಯಲ್ಲಿ ಹಣ್ಣಿನ ಸಾಲಿಗೆ ಹೋಗುವುದೇ ಇಲ್ಲ. ನೇರ ಪರದೆ ಬಟ್ಟೆಯ ಕಡೆಗೆ ಹೋಗುತ್ತಾರೆ. ಚೀಟಿ ಓದುವುದಿಲ್ಲ, ಎಲೆ ತಿಕ್ಕಿ ಮೂಸುತ್ತಾರೆ. ಕುಂಡವನ್ನು ಓರೆ ಮಾಡಿ ಕಸಿಯ ಗಂಟು ಎಲ್ಲಿದೆ ಅಂತ ನೋಡುತ್ತಾರೆ.

ಇಷ್ಟಾದರೂ ಹೆರಳೆ ಪಟ್ಟಿಗೆ ಸೇರಲಿಲ್ಲ. ಬದುಕಿದ ಮರವನ್ನು ಬಂದು ನೋಡಿ ಅಂತ ಊರಿನವರು ಹದಿನೇಳು ಅರ್ಜಿ ಬರೆದರು. ಪ್ರತಿ ಸಲವೂ, ಪಟ್ಟಿಯ ಪ್ರಕಾರ ಅಂಥ ಮರ ಇರಲು ಸಾಧ್ಯವಿಲ್ಲವಾದ್ದರಿಂದ ನೋಡಲು ಬರುವ ಅಗತ್ಯವಿಲ್ಲ ಅಂತ ಉತ್ತರ ಬಂತು. ಈ ಬಿಳಿತಿಂಗಳ ಅರವತ್ತೈದನೇ ದಿನ ಹೊಸ ಆಜ್ಞೆ ಅಂಟಿಸಿದರು. ಇನ್ನು ಮನೆಗಿಡವಾಗಿಯೂ ಹುಳಿಹಣ್ಣಿನ ಗಿಡ, ತಾಳೆಜಾತಿಯ ಗಿಡ ಮಾರುವುದಿಲ್ಲ. ಮನೆಯೊಳಗೆ ಇರುವುದನ್ನು ಮುಟ್ಟುವುದಿಲ್ಲ. ಉಳಿದ ದಾಸ್ತಾನನ್ನು ಎಪ್ಪತ್ತನೇ ದಿನ ಅರೆಯುವ ಯಂತ್ರಕ್ಕೆ ಹಾಕುತ್ತಾರೆ. ಮಳಿಗೆಯ ಹಿಂದೆ ನಮ್ಮೂರ ಗೋಮಾಳ ಇದೆ, ಕಸ ಸುರಿಯಲು ಅವರು ಕೇಳದೆ ಬಳಸುವ ಜಾಗ. ಮೂವತ್ತು ಹೆರಳೆ ಕಿತ್ತಳೆ, ಮೂವತ್ತು ಕಂಬಳಿತಾಳೆ ತಂದು ಅಲ್ಲಿ ಹೆಪ್ಪಿನಲ್ಲಿ ನಿಲ್ಲಿಸಿದರು. ಈ ಸೀಮೆಗೆ ಬರುವ ಕೊನೆಯ ಅರವತ್ತು ಗಿಡ ಅವು. ನಮ್ಮ ಮರಗಳಿಗೆ ವಯಸ್ಸಾಗಿದೆ, ನಾಲ್ಕು ಈಗಾಗಲೇ ಒಣಗಿವೆ.

ಅರವತ್ತೊಂಬತ್ತನೇ ದಿನ ಮಧ್ಯಾಹ್ನ ಊರಿನವರೆಲ್ಲ ಅರಳಿಕಟ್ಟೆಯಲ್ಲಿ ಸೇರಿ, ಹದಿನೆಂಟನೇ ಅರ್ಜಿಯಲ್ಲಿ ಏನು ಬರೆಯುವುದು ಅಂತ ಚರ್ಚೆ ಮಾಡುತ್ತಿದ್ದರು. ನನಗೆ ರೇಗಿತು. ಅರ್ಜಿ ಆಮೇಲೆ, ಮೊದಲು ಇದನ್ನು ಕೇಳಿ ಅಂತ ಹೇಳಿ, ಅಜ್ಜಿ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಮುಗಿದ ಮೇಲೆ ಅರ್ಜಿಯ ಕಾಗದ ಮಡಚಿಟ್ಟರು. ಎದ್ದು ಮನೆಗೆ ಹೋದರು.

ಅವರು ಮಾಡಿದ್ದನ್ನು ಹೇಳುವ ಮೊದಲು ನಿಮ್ಮಲ್ಲೊಂದು ಮಾತು. ನಿಮ್ಮ ಕಾಲದ ದೊಡ್ಡ ಅಂಗಡಿಗಳಲ್ಲಿ ತಾಳೆ, ಕಿತ್ತಳೆ, ನಿಂಬೆ ಬಾಗಿಲಲ್ಲೇ ನಿಂತಿರುತ್ತವಂತೆ, ನೀವು ತಳ್ಳುಗಾಡಿ ತಳ್ಳಿಕೊಂಡು ಪಕ್ಕದಲ್ಲೇ ಹೋಗುತ್ತೀರಂತೆ. ನಿಲ್ಲಿ. ಒಂದೆಲೆ ತಿಕ್ಕಿ ಮೂಸಿ. ಯಾವ ಬೇರಿನ ಮೇಲೆ ಕಟ್ಟಿದ್ದೀರಿ ಅಂತ ಕೇಳಿ, ಗೊತ್ತಿಲ್ಲ ಅಂದರೆ ಗೊತ್ತಿರುವವರನ್ನು ಕರೆಸಿ ಅನ್ನಿ. ಇಲ್ಲಿ ಬದುಕಲ್ಲ ಅಂತ ಚೀಟಿಯಲ್ಲಿದ್ದರೆ ಎರಡು ಕೊಳ್ಳಿ. ಒಂದು ಸಾಯಲಿ, ಅದು ಎಲ್ಲಿ ಸತ್ತಿತು, ಯಾವ ಗೋಡೆಯ ಮಗ್ಗುಲಲ್ಲಿ ಇನ್ನೊಂದು ಉಳಿಯಿತು ಅಂತ ಬರೆದಿಡಿ. ನಿಮ್ಮ ಅಂಗಳದಲ್ಲಿ ಏನು ಬದುಕುತ್ತದೆ ಅಂತ ಬೇರೆಯವರು ಪಟ್ಟಿ ಮಾಡಲು ಬಿಡಬೇಡಿ. ನೀವು ಒಮ್ಮೆ ಬಿಟ್ಟಿರಿ. ನಾವು ಅದರಡಿ ಬದುಕುತ್ತಿದ್ದೇವೆ, ಆದರೆ ತಲೆ ತಗ್ಗಿಸಿ ಅಲ್ಲ.

ಮಾರನೇ ಬೆಳಗ್ಗೆ, ಅಂದರೆ ನಿನ್ನೆ, ಹೆಪ್ಪು ಇನ್ನೂ ಕಾಲಡಿ ಕರಕರ ಅನ್ನುತ್ತಿದ್ದಾಗ ಊರಿನವರು ಗೋಮಾಳಕ್ಕೆ ಬಂದರು. ಗಂಡಸರು ಹೊಲದ ಬದುಗಳಿಂದ ಕಲ್ಲು ಹೊತ್ತು ತಂದು, ಅರವತ್ತು ಗಿಡಗಳ ಸುತ್ತ ಸೊಂಟದೆತ್ತರ ನಾಲ್ಕು ಗೋಡೆ ಎಬ್ಬಿಸಿದರು. ಪೂರ್ವಕ್ಕೆ ಒಂದು ಜಾಗ ಬಿಟ್ಟು, ಎರಡು ಮರದ ಕಂಬ ನಿಲ್ಲಿಸಿ, ಕೆಳಗೊಂದು ಹೊಸ್ತಿಲ ಕಲ್ಲು ಕೂರಿಸಿದರು. ಹೆಂಗಸರು ಹೊಸ್ತಿಲಿಗೆ ಅರಿಸಿನ ಬಳಿದು, ರಂಗೋಲಿ ಹಾಕಿ, ಕಂಬಕ್ಕೆ ತಾಳೆಯ ಗರಿಯದೇ ತೋರಣ ಕಟ್ಟಿದರು. ಹಸುವನ್ನು ಮೊದಲು ಒಳಗೆ ಹೊಗಿಸಿದರು. ಗಿಡಗಳ ನಡುವೆ ಮೂರು ಕಲ್ಲು ಹೂಡಿ, ಒಲೆ ಹಚ್ಚಿ, ಹೊಸ ಮಡಕೆಯಲ್ಲಿ ಹಾಲಿಟ್ಟರು.

ಅಷ್ಟರಲ್ಲಿ ಅರೆಯುವ ಯಂತ್ರ ಬಂತು. ನಡೆಸುವವನು ಕಿರೀಟಿ ಅಂತ, ಪಕ್ಕದೂರಿನವನೇ. ಇಳಿದು ಗೋಡೆಯ ಹೊರಗೆ ನಿಂತ.

“ಏನು ನಡೀತೈತೆ ಇಲ್ಲಿ?”

“ಗೃಹಪ್ರವೇಶ” ಅಂತ ಒಳಗಿಂದ ಯಾರೋ ಅಂದರು. “ಬಾರಪ್ಪಾ, ಹಾಲು ಕುಡ್ಕೊಂಡು ಹೋಗು.”

ಅವನು ಯಂತ್ರದ ಕಡೆ ನೋಡಿದ, ಆಜ್ಞೆಯ ಕಾಗದದಲ್ಲಿ ‘ಮನೆಯೊಳಗೆ ಇರುವುದನ್ನು ಮುಟ್ಟುವುದಿಲ್ಲ’ ಅನ್ನುವ ಸಾಲು ನೋಡಿದ. ಹಾಲು ಉಕ್ಕಿ ಒಲೆಗೆ ಬಿದ್ದು ಚುರ್ ಅಂದಿತು, ಹೆಂಗಸರು ಸೋಬಾನೆ ಎತ್ತಿಕೊಂಡರು. ಕಿರೀಟಿ ಯಂತ್ರ ಆಫ್ ಮಾಡಿ ಬಂದು, ಹೊಸ್ತಿಲ ಹೊರಗೆ ಬಗ್ಗಿ, ಬೂಟಿನ ದಾರ ಬಿಚ್ಚತೊಡಗಿದ.