ತೆಗೆದಿಟ್ಟ ಹಲಗೆ

ಅಪ್ಪಾ,

ಎಂಟು ದೇಶಗಳ ಒಕ್ಕೂಟದ ಸಭೆಗೆ ನೀನು ಮಾಡಿಕೊಟ್ಟ ಮೇಜಿನಿಂದ ಇವತ್ತು ಅವುಗಳಲ್ಲಿ ದೊಡ್ಡ ದೇಶದವರು ಎದ್ದು ಹೋದರು. ತಮ್ಮ ಎದುರಾಳಿ ದೇಶದ ಜೊತೆ ಯಾರೂ ವ್ಯವಹಾರ ಮಾಡಕೂಡದು ಎಂದರು. ಉಳಿದ ಏಳು ಸಣ್ಣ ದೇಶಗಳು ಒಪ್ಪಲಿಲ್ಲ.

“ಒಕ್ಕೂಟದ ಕಥೆ ಮುಗೀತು ಬಿಡಮ್ಮ,” ಎಂದ ಕಾವಲುಗಾರ.

ಮುಗಿಯುವುದೆಲ್ಲಿಂದ ಬಂತು? ಈಗ ಈ ಮೇಜಿನ ಬಡಗಿ ನಾನೇ ತಾನೆ; ಎದ್ದು ಹೋದವರು ಕೂರುತ್ತಿದ್ದ ನಡುವಿನ ಹಲಗೆಯನ್ನು ಕಳಚಿ, ಎರಡೂ ಬದಿಯಿಂದ ತಳ್ಳಿದೆ. ಉದ್ದನೆಯ ಮೇಜು ದುಂಡಗಾಯಿತು. ಏಳೂ ಜನ ಮೊಣಕೈಗೆ ಮೊಣಕೈ ತಾಗಿಸಿ ಕೂತು ಮಾತು ಮುಂದುವರಿಸಿದರು.

“ಈ ಹಲಗೆ ಸೌದೆಗಾ?” ಕಾವಲುಗಾರ ಕೇಳಿದ.

“ಒರೆಸಿ ಒಳಗಿಡಿ. ಮುನಿಸ್ಕೊಂಡು ಹೋದೋರು ಬರ್ತಾರೆ,” ಎಂದೆ.

ಅದು ನಿನ್ನ ಮಾತು. ನಾನು ಜಗಳವಾಡಿ ಹೋದ ಒಂಬತ್ತು ವರ್ಷವೂ ನನ್ನ ಉಳಿಗೆ ವಾರವಾರ ಎಣ್ಣೆ ಸವರುತ್ತಿದ್ದೆಯಂತೆ, ಅಮ್ಮ ಹೇಳಿದಳು. ನೀನು ತೀರಿಕೊಂಡ ಸುದ್ದಿ ಕೇಳಿ ನಾನು ಓಡಿ ಬಂದ ದಿನ, ಆ ಎಣ್ಣೆ ಇನ್ನೂ ಆರಿರಲಿಲ್ಲ.