ಕಾರು ಮನೆಯಲ್ಲಿ, ನಾವು ದಂಡೆಯ ಮೇಲೆ

ಕ್ಯಾರಿಯರ್ ಮೇಲೆ ಕೂತು ನನಗೆ ದಾರಿ ಹೇಳುತ್ತಿದ್ದ ತ್ರಿವೇಣಿಗೆ,

ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸಿ ನಿವೃತ್ತನಾದ, ಪೊಲೀಸ್ ಠಾಣೆಯ ಮೆಟ್ಟಿಲನ್ನು ಎಂದೂ ತುಳಿಯದ ನಿನ್ನ ಅಪ್ಪನಾದ ನಾನು, ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯಕ್ಕೂ ಒಳಗಾಗದೆ (ನಿನ್ನಮ್ಮನದನ್ನು ಬಿಟ್ಟು) ಒಪ್ಪಿಕೊಳ್ಳುವುದೇನೆಂದರೆ: ನೀನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಸೋಮವಾರ ಬೆಳಿಗ್ಗೆ ನಮ್ಮ ಕಾರಿನ ಚಕ್ರದ ಗಾಳಿ ಬಿಟ್ಟವನು ನಾನೇ. ನೀವಿಬ್ಬರೂ ಎದುರು ಮನೆಯ ಹುಡುಗರನ್ನು ಬೈದಿರಿ. ನಾನೂ ಸೇರಿಕೊಂಡು ಬೈದೆ. ಸ್ವಂತ ಕಾರಿನ ಗಾಳಿ ಕದ್ದರೆ ಯಾವ ಸೆಕ್ಷನ್ ಬೀಳುತ್ತದೋ ಗೊತ್ತಿಲ್ಲ. ಕದ್ದ ಮಾಲನ್ನು ಅಲ್ಲೇ ಗಾಳಿಗೆ ಬಿಟ್ಟಿದ್ದರಿಂದ ಸಾಕ್ಷಿಯಂತೂ ಸಿಗುವುದಿಲ್ಲ.

ಆ ಕಾಲ ನಿನಗೆ ನೆನಪಿರಬೇಕು. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಹೊಸಪೇಟೆಯ ಮೇಲೆ ಹಾಯ್ದು ಹೋಗುತ್ತಿದ್ದ ಕಾಲ. ಲಾರಿ ಬಂದರೆ ನಮ್ಮ ಅಡುಗೆಮನೆಯ ಡಬ್ಬಿಗಳು ಅದಿರುತ್ತಿದ್ದವು. ಲಾರಿಯೊಳಗಿನ ಆ ಕೆಂಪು ಕಲ್ಲುಮಣ್ಣಿಗೆ ಅದಿರು ಎಂದು ಹೆಸರಿಟ್ಟ ಪುಣ್ಯಾತ್ಮ ನಮ್ಮ ಓಣಿಯವನೇ ಇರಬೇಕು. ಊರಿಗೆಲ್ಲ ಗಣಿಯ ಹುಚ್ಚು, ನಿನಗೊಬ್ಬಳಿಗೆ ಗಣಿತದ ಭಯ. ಮನೆಗೊಂದು ಕಾರು ಬಂತು. ಕೊಳ್ಳುವವರು ಮೈಲೇಜಿಗಿಂತ ಮೊದಲು ಕೇಳುತ್ತಿದ್ದುದು ಧೂಳು ಕಾಣದ ಬಣ್ಣವನ್ನು. ಜಾಣರೆಲ್ಲ ಇಟ್ಟಿಗೆ ಬಣ್ಣ ಆರಿಸಿದರು. ಓದಿದವನಾದ ನಾನು ಬಿಳಿಯದನ್ನು ತಂದೆ. ವಾರದೊಳಗೆ ಅದೂ ಇಟ್ಟಿಗೆಯಾಯಿತು. ಹಿಂದಿನ ಗಾಜಿನ ಧೂಳಿನಲ್ಲಿ ಯಾರೋ ಬೆರಳಿನಿಂದ ‘ಮೇಷ್ಟ್ರೆ, ಒಮ್ಮೆ ತೊಳೀರಿ’ ಎಂದು ಬರೆದಿದ್ದರು. ಆ ಕೊಂಬು, ಒತ್ತುಗಳ ಸೊಟ್ಟ ನೋಡಿದರೆ ಬರೆದವರು ನಮ್ಮ ಮನೆಯವರೇ ಎಂಬ ಗುಮಾನಿ ನನಗೆ ಇವತ್ತಿಗೂ ಇದೆ.

ಆ ಕಾರಿನಲ್ಲಿ ಶಾಲೆಗೆ ಹೋಗುವುದೆಂದರೆ ಲಾರಿಗಳ ಸಾಲಿನಲ್ಲಿ ಕೂತು ಕೊಳೆಯುವುದು. ಕಿಟಕಿ ಇಳಿಸಿದರೆ ಧೂಳು, ಏರಿಸಿದರೆ ಸೆಕೆ. ಎದುರಿನ ಲಾರಿಗಳು ಹೊಗೆ ಕಾರುತ್ತಿದ್ದವು, ಕಾರಿನೊಳಗೆ ನಾನು ಕಾರುತ್ತಿದ್ದೆ. ನನ್ನನ್ನು ಚುಚ್ಚಿದ್ದು ಮಾತ್ರ ಬೇರೆ. ಮನೆಯಲ್ಲಿ ವಟವಟ ಎನ್ನುವ ನೀನು ಕಾರು ಹತ್ತಿದ ಕೂಡಲೇ ಗಾಜಿಗೆ ಹಣೆ ಆನಿಸಿ ಮೂಕಿಯಾಗಿಬಿಡುತ್ತಿದ್ದೆ. ಶಾಲೆ ಬಂದರೆ ಬಾಗಿಲು ತೆಗೆದು ಹೋಗುತ್ತಿದ್ದೆ, ಅಷ್ಟೇ. ದಿನಕ್ಕೆ ಸಿಗುತ್ತಿದ್ದ ಅಷ್ಟು ಹೊತ್ತಿನ ಮಗಳೂ ನನ್ನ ಕೈಜಾರುತ್ತಿದ್ದಾಳೆ ಎನ್ನಿಸಿತು. ಸೈಕಲ್ಲಿನ ಮಾತೆತ್ತಿದರೆ ನಿನ್ನಮ್ಮ ಒಪ್ಪಬೇಕಲ್ಲ. “ಓಣ್ಯಾಗಿನ ಹುಡುಗ್ರೆಲ್ಲಾ ಕಾರಿನ್ಯಾಗ ಹೊಂಟಾವ, ನಮ್ಮಾಕಿ ಹಾಲಿನ ಕ್ಯಾನಿನಂಗ ಕ್ಯಾರಿಯರ್ ಮ್ಯಾಲೆ ಹೋಗ್ಬೇಕೇನ್ರೀ? ಮಂದಿ ಏನನ್ಕೊಂತಾರ?” ಎಂದಿದ್ದಳು. ಹಾಗಾಗಿ ಗಾಳಿಗೆ ಕೈ ಹಾಕಬೇಕಾಯಿತು.

ಲಾರಿ ರಸ್ತೆ ಬಿಟ್ಟು ಕಾಲುವೆ ದಂಡೆ ಹಿಡಿದೆವು. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಬಾಳೆ ತೋಟ. ಮೊದಲ ವಾರ ನಿನಗೆ ಸಂಕಟವೋ ಸಂಕಟ. “ಅಪ್ಪಾ, ಗೇಟಿನ ತನಕ ಬ್ಯಾಡ. ಹುಣಸಿ ಗಿಡದ ಹತ್ರ ಇಳಿಸು” ಎನ್ನುತ್ತಿದ್ದೆ. ಶನಿವಾರ ಬಿಳಿ ಯೂನಿಫಾರ್ಮಿನ ದಿನ. ಶಾಲೆಯ ಆಯಾ ಹಂಪಮ್ಮ ಒದ್ದೆ ಟವೆಲ್ ಹಿಡಿದು ಗೇಟಿನಲ್ಲಿ ನಿಂತು, ಪ್ರಾರ್ಥನೆಗೆ ಮೊದಲು ಒಬ್ಬೊಬ್ಬರದೇ ಮುಖದ ಕೆಂಪು ಒರೆಸಿ ಒಳಗೆ ಬಿಡುತ್ತಿದ್ದಳು. ನಿನ್ನ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, “ಎಲ್ಲಾರ ಮಾರಿ ಕೆಂಪು ಮಂಗ್ಯಾನಂಗ ಆಗ್ಯಾವ, ನಿಂದ್ಯಾಕ ತಂಗಿ ಹಿಂಗ ತೊಳದಿಟ್ಟಂಗ ಐತಿ? ಯಾವ ಕಾರು ನಿಮ್ದು?” ಎಂದಳಂತೆ. ನೀನು “ನಮ್ದು ಓಪನ್ ಕಾರು” ಎಂದೆಯಂತೆ. ಸೋಮವಾರದಿಂದ ನನಗೆ ಗೇಟಿನ ತನಕ ಪ್ರವೇಶ ಸಿಕ್ಕಿತು.

ಆಮೇಲೆ ನಿನ್ನ ಬಾಯಿ ಬಿಚ್ಚಿಕೊಂಡಿತು ನೋಡು. ಮುಖ ನೋಡಿ ಹೇಳಲಾಗದ್ದನ್ನು ಬೆನ್ನಿಗೆ ಹೇಳಬಹುದು ಎಂದು ನಾನು ಕಲಿತದ್ದು ಆ ದಂಡೆಯ ಮೇಲೆಯೇ. ಗಣಿತದಲ್ಲಿ ಫೇಲಾದದ್ದು, ಗೆಳತಿ ಮಾತು ಬಿಟ್ಟದ್ದು, ಅಜ್ಜಿ ಸತ್ತ ಮೇಲೆ ಅವಳ ಸೀರೆಯನ್ನು ದಿಂಬಿನ ಕೆಳಗೆ ಬಚ್ಚಿಟ್ಟುಕೊಂಡದ್ದು, ಎಲ್ಲವನ್ನೂ ನನ್ನ ಅಂಗಿ ಹಿಡಿದುಕೊಂಡು ನನ್ನ ಬೆನ್ನಿಗೆ ಹೇಳಿದೆ. ಬೆನ್ನು ಬೈಯುವುದಿಲ್ಲವಲ್ಲ, ಪೆಡಲ್ ತುಳಿಯುತ್ತದೆ. ಪಂಕ್ಚರ್ ಅಂಗಡಿಯವನು ಗಾಳಿ ತುಂಬಿ ಹೋದ ಮೇಲೂ ಕಾರಿನ ಸುದ್ದಿ ಯಾರೂ ಎತ್ತಲಿಲ್ಲ. ಅದು ಟಾರ್ಪಾಲ್ ಹೊದ್ದು ಮಲಗಿ, ಒಂದು ದಿನ ಕಂಪ್ಲಿಯವರ ಮನೆ ಸೇರಿತು. ಮಂದಿಗೆ ಅಂಜುತ್ತಿದ್ದ ನಿನ್ನಮ್ಮನೇ ಕ್ಯಾರಿಯರ್‌ಗೆ ದಿಂಬು ಹೊಲಿದುಕೊಟ್ಟಳು.

ಎಂಟನೇ ಕ್ಲಾಸಿಗೆ ನಿನ್ನದೇ ಸೈಕಲ್ ಬಂತು. ಹಿಂದಿನ ಸಂಜೆ ಬಾಗಿಲ ಚೌಕಟ್ಟಿಗೆ ಒರಗಿ ನೀನು, “ಅಪ್ಪಾ, ನಾಳಿಂದ ನೀ ಬರಬ್ಯಾಡ. ನಾ ಒಬ್ಬಾಕೀನ ಹೋಗ್ತೀನಿ” ಎಂದೆ. ನಾನು ನಕ್ಕು ಹೂಂ ಅಂದೆ. ಆ ‘ಹೂಂ’ ಬಗ್ಗೆ ಎಷ್ಟು ವರ್ಷ ಕೊಚ್ಚಿಕೊಂಡಿದ್ದೇನೆ. ಸ್ಟಾಫ್ ರೂಮಿನಲ್ಲಿ, ನಿನ್ನ ಮದುವೆಯ ಪಂಕ್ತಿಯಲ್ಲಿ, ಬೀಗರ ಮುಂದೆ: ಮಗಳು ಹೋಗುವಾಗ ನಾನು ಗೇಟಿನ ತನಕವೂ ಹೋಗಲಿಲ್ಲ, ಕಾಫಿ ಕುಡಿಯುತ್ತ ಪೇಪರ್ ಓದುತ್ತಿದ್ದೆ, ಮಕ್ಕಳನ್ನು ಬಿಟ್ಟುಕೊಡಲು ಗಟ್ಟಿ ಎದೆ ಬೇಕು ಎಂದು.

ಈಗ ನೀನು ದೋಣಿಮಲೈ ಕ್ವಾರ್ಟರ್ಸಿನಲ್ಲಿ ಕಾರು ನಿಲ್ಲಿಸಿ, ನಿನ್ನ ಮಗಳು ಶಿಲ್ಪಶ್ರೀಯ ಜೊತೆ ಸೈಕಲ್ ತುಳಿದು ಅವಳನ್ನು ಶಾಲೆಗೆ ಬಿಡುತ್ತಿದ್ದೀಯ. ಅವಳು ಒಬ್ಬಳೇ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. ಮೊನ್ನೆ ಫೋನ್ ಮಾಡಿ, “ಕೈ ಬರವಲ್ದಪ್ಪ. ನೀ ಹೆಂಗ ಬಿಟ್ಟಿ ನನ್ನ?” ಎಂದು ಕೇಳಿದೆ. ನಾನು ಗಟ್ಟಿ ಎದೆಯ ಉಪನ್ಯಾಸ ಕೊಟ್ಟೆ. ಫೋನ್ ಇಟ್ಟ ಮೇಲೆ ನಿನ್ನಮ್ಮ ಅಡುಗೆಮನೆಯಿಂದಲೇ, “ಪಾಪ, ಆಕಿ ತನಗ ಎದಿ ಇಲ್ಲ ಅನ್ಕೊಂಡು ಅಳ್ತಾ ಕುಂದರ್ತಾಳ. ಖರೇ ಸಂಗತಿ ನೀವು ಬರೀತೀರೋ, ನಾನ ಹೇಳ್ಲೋ?” ಎಂದಳು.

ಬರೆಯುತ್ತೇನೆ. ಆ ಬೆಳಿಗ್ಗೆ ನೀನು ಓಣಿ ತಿರುಗಿದ ಕೂಡಲೇ ನಾನು ಹಳೆಯ ಸೈಕಲ್ ಏರಿದೆ. ನೀನು ದಂಡೆಯ ಮೇಲೆ, ನಾನು ಕೆಳಗೆ ಬಾಳೆಯ ಮರೆಯಲ್ಲಿ. ಮರುದಿನವೂ ಅದೇ. ಮಳೆಗಾಲದಲ್ಲೊಮ್ಮೆ ಜಾರಿ, ಗದ್ದೆಗೆ ನೀರು ಬಿಡುವ ತೋಡಿನಲ್ಲಿ ಸೈಕಲ್ ಸಮೇತ ಬಿದ್ದೆ. ತೋಟದ ಓಬಳಪ್ಪ ಎತ್ತಿದ. “ದಿನಾ ನೋಡ್ತೀನ್ರಿ ಮೇಷ್ಟ್ರೆ. ಯಾರಿಗಂಜಿ ಹಿಂಗ ಅಡಗಿಕೊಂತೀರಿ?” ಎಂದು ಕೇಳಿದ. ಮಗಳಿಗೆ ಎಂದೆ. ಅವನು ನಗಲಿಲ್ಲ. “ಹಂಗಾರ ಬಿಳಿ ಅಂಗಿ ಬ್ಯಾಡ್ರಿ, ದೂರದಿಂದ ಕಾಣತೈತಿ. ಹಸರ ಹಾಕ್ಕೊಳ್ರಿ” ಎಂದ. ಕೆಸರು ಮೆತ್ತಿದ ಬಟ್ಟೆಗೆ ಕಾಲೇಜಿನ ನಲ್ಲಿ ಒಡೆದ ಕತೆ ಕಟ್ಟಿದೆ. ನಿನ್ನಮ್ಮ ನಂಬಲಿಲ್ಲ.

ಅಮ್ಮ ಮಗಳಿಬ್ಬರೂ ‘ಗಿಳಿ ಮೇಷ್ಟ್ರು’ ಎಂದು ನಗುತ್ತಿದ್ದ ಆ ಎರಡು ಹಸಿರು ಅಂಗಿಗಳನ್ನು ನಾನು ಹೊಲಿಸಿದ್ದು ಅದಕ್ಕೇ. ನೀನು ಹತ್ತನೇ ಕ್ಲಾಸ್ ಮುಗಿಸುವ ತನಕ ಸರದಿಯ ಮೇಲೆ ಹಾಕಿದೆ.

ಶಿಲ್ಪಶ್ರೀಗೆ ಹೂಂ ಅನ್ನು, ಮಗಳೇ. ನಿಮ್ಮಿಬ್ಬರ ದಾರಿ ತಂಪಾಗಿರಲಿ, ಅವಳ ಬೆಲ್ಲಿನ ಸದ್ದು ನಿನ್ನ ಕಿವಿಗೆ ಸದಾ ಕೇಳುತ್ತಿರಲಿ.

ಒಮ್ಮೆಯೂ ಬಿಟ್ಟುಕೊಡಲಾಗದ ನಿನ್ನ ಅಪ್ಪ,
ಶಂಭುಲಿಂಗ