ಪೈಲಟ್‌ಗಳ ಸಂಘಕ್ಕೆ ಮಾಲೀಕರೇ ಅಧ್ಯಕ್ಷರಂತೆ

ಕಲ್ಕತ್ತ, ೧೨-೨-೧೯೫೮

ಪೆರೇಸಂದ್ರದ ಚಿಕ್ಕಪ್ಪನವರಿಗೆ ನಮಸ್ಕಾರಗಳು.

ನನ್ನ ಕೆಮ್ಮು ವಾಸಿಯಾಗಿದೆ. ಮೊನ್ನೆ ನಮ್ಮ ಸರಕು ವಿಮಾನದಲ್ಲಿ ನಲವತ್ತು ಮೇಕೆಗಳನ್ನು ಅಸ್ಸಾಮಿಗೆ ಒಯ್ದೆವು. ಆರು ಗಂಟೆಗೊಮ್ಮೆ ಅವಕ್ಕೆ ವಿಶ್ರಾಂತಿ ಕೊಡಬೇಕೆಂದು ಮೇಕೆ ವ್ಯಾಪಾರಿಯು ನಮ್ಮ ಕಂಪನಿಯಿಂದ ಬರೆಸಿಕೊಂಡಿದ್ದ. ದಿನಕ್ಕೆ ಹದಿನಾಲ್ಕು ಗಂಟೆ ವಿಮಾನ ನಡೆಸುವ ನಮಗೆ ಅಂಥ ಕಾಯಿದೆಯಿಲ್ಲ. ಸರ್ಕಾರಿ ಪೈಲಟ್‌ಗಳಿಗೆ ಸಂಘವಿದೆ, ಸಂಬಳವೂ ನಮ್ಮ ಎರಡರಷ್ಟು. ನಮಗೂ ಸಂಘ ಬೇಕೆಂದು ಕೇಳಿದರೆ ಮಾಲೀಕರು ಬಹಳ ಸಂತೋಷಪಟ್ಟು, ತಾವೇ ಅಧ್ಯಕ್ಷರಾಗುವುದಾಗಿ ಹೇಳಿದರು. ಅವರನ್ನು ಸೇರಿಸಿಕೊಳ್ಳದೆ ನಾವು ಒಂಬತ್ತು ಪೈಲಟ್‌ಗಳು ಸಂಘದ ಅರ್ಜಿಗೆ ಸಹಿ ಹಾಕಿದೆವು. ಮೊದಲ ಸಹಿ ನನ್ನದು.

ಇಂದು ಬೆಳಿಗ್ಗೆ ಹಾರಾಟದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಹೊರಗೆ ಬೆಂಚಿನಲ್ಲಿ ಕುಳಿತೆ. ಶಿಡ್ಲಘಟ್ಟದವರಾದ ಕ್ಯಾಪ್ಟನ್ ಇಸ್ಮಾಯಿಲ್ ಬಂದು, "ಸ್ವಲ್ಪ ಜರುಗಪ್ಪ, ಇವತ್ತು ನಾನೂ ಹಾರಲ್ಲ" ಎಂದರು. ಈಗ ಉಳಿದ ಏಳು ಜನರೂ ಬಂದಿದ್ದಾರೆ. ಬೆಂಚಿನಲ್ಲಿ ಜಾಗ ಸಾಲದೆ ನಿಂತೇ ಬರೆಯುತ್ತಿದ್ದೇನೆ.

ಆವಲಪ್ಪ